ದಿಬ್ಬದ ನಡುವೆ ಕೂತುಬಿಡುವ ಮಗು

ಶೃಂಗೇರಿ ಸೀಮೆಯ ಅಡ್ಡಗದ್ದೆಯ ಕಡೆ ಮನೆಗಳು ದೂರ ದೂರ. ತೋಟದ ಸಂಕ ದಾಟಿ, ದಿಬ್ಬ ಹತ್ತಿಯೇ ಮಕ್ಕಳು ರಸ್ತೆ ಸೇರಬೇಕು. ಉಳಿದವರು ಓಡುತ್ತಿರುವಾಗ ಒಂದು ಮಗು ಮಾತ್ರ ಏದುಸಿರು ಬಿಡುತ್ತಾ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರೆ ಗದರಬೇಡಿ. ಅದರ ತುಟಿ, ಉಗುರು ನೋಡಿ. ನೇರಳೆಹಣ್ಣು ತಿಂದಂತೆ ನೀಲಿಗಟ್ಟಿದ್ದರೆ ಅದು ‘ಟೆಟ್ರಾಲಜಿ ಆಫ್ ಫಾಲೋ’ ಎಂಬ ಹುಟ್ಟು ಹೃದ್ರೋಗವಿರಬಹುದು. ಹೃದಯದ ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಶ್ವಾಸಕೋಶಕ್ಕೆ ಹೋಗುವ ದಾರಿಯೂ ಕಿರಿದು. ಹಾಗಾಗಿ ಆಮ್ಲಜನಕ ಸಾಲದ ರಕ್ತವೇ ಮೈಗೆ ಹರಿಯುತ್ತದೆ. ಕುಕ್ಕರುಗಾಲಿನಲ್ಲಿ ಕೂತಾಗ ಕಾಲಿನ ರಕ್ತನಾಳಗಳು ಅದುಮಿಕೊಂಡು, ಇನ್ನಷ್ಟು ರಕ್ತ ಶ್ವಾಸಕೋಶದತ್ತ ತಿರುಗುತ್ತದೆ. ಯಾರೂ ಹೇಳಿಕೊಡದೆ ಮಗು ತಾನೇ ಕಂಡುಕೊಂಡ ಉಪಾಯವದು!

1954ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಶಸ್ತ್ರವೈದ್ಯ ವಾಲ್ಟನ್ ಲಿಲ್ಲೆಹೈ ಈ ದೋಷವನ್ನು ಮೊದಲ ಬಾರಿಗೆ ಹೃದಯ ತೆರೆದು ಸರಿಪಡಿಸಿದರು. ಮಗುವಿನ ರಕ್ತ ಸಂಚಾರದ ಹೊಣೆಯನ್ನು ಆಗ ಹೊತ್ತದ್ದು ಪಕ್ಕದಲ್ಲಿ ಮಲಗಿದ್ದ ಇನ್ನೊಬ್ಬ ಮನುಷ್ಯನ ಹೃದಯ. ಈಗ ಆ ಕೆಲಸ ಯಂತ್ರದ್ದು. ಪೊಟ್ಯಾಸಿಯಂ ದ್ರಾವಣ ಹಾಯಿಸಿ ಹೃದಯವನ್ನು ನಿಲ್ಲಿಸುತ್ತಾರೆ. ಹಲವು ವೇಳೆ ಹೃದಯದ ಹೊರಪೊರೆಯನ್ನೇ ಕತ್ತರಿಸಿ ತೂತಿಗೆ ತೇಪೆ ಹೊಲಿಯುತ್ತಾರೆ, ಕಿರಿದಾದ ದಾರಿಯನ್ನು ಅಗಲಿಸುತ್ತಾರೆ. ಮೇಲ್ಕೋಣೆಗಳ ನಡುವಿನ ಕೆಲವು ತೂತುಗಳನ್ನಂತೂ ತೊಡೆಯ ರಕ್ತನಾಳದಿಂದ ಕೊಳವೆ ತೂರಿಸಿಯೇ ಮುಚ್ಚಬಹುದು.

ಹೃದಯದ ಇಂಥ ಚಿಕಿತ್ಸೆ ನಮ್ಮಲ್ಲೂ ಇದೆ. 2003ರಲ್ಲಿ ಲಾಹೋರಿನ ಪುಟಾಣಿ ನೂರ್ ಫಾತಿಮಾಳಿಗೆ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಹೃದಯ ಶಸ್ತ್ರಚಿಕಿತ್ಸೆಯಾದಾಗ ಎರಡೂ ದೇಶಗಳು ಹಾರೈಸಿದ್ದವು. ಅದೇ ವರ್ಷ ನಮ್ಮ ಸಹಕಾರ ಸಂಘಗಳ ಸದಸ್ಯರಿಗೆ ತಿಂಗಳಿಗೆ 5 ರೂಪಾಯಿಯ ಯಶಸ್ವಿನಿ ಆರೋಗ್ಯ ಯೋಜನೆ ಬಂತು. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ ಹೃದಯ ಶಸ್ತ್ರಚಿಕಿತ್ಸೆಗೆ ಹಣವನ್ನೇ ಪಡೆಯುವುದಿಲ್ಲ. ಶೃಂಗೇರಿ ಸೀಮೆಯವರಿಗೆ ಆಗುಂಬೆ ಘಾಟಿ ಇಳಿದರೆ ಮಣಿಪಾಲದ ಆಸ್ಪತ್ರೆಯಿದೆ.

ನನ್ನನ್ನು ಕಾಡುವುದು ಚಿಕಿತ್ಸೆ ತಡವಾಗುವ ಸಂಗತಿ. ಸಣ್ಣ ತೂತುಗಳು ತಾವಾಗಿಯೇ ಮುಚ್ಚಿಕೊಳ್ಳುವುದುಂಟು. ‘ದೊಡ್ಡವನಾದಂತೆ ಸರಿಹೋಗುತ್ತೆ’ ಎಂಬ ಮಾತಿಗೆ ಅಷ್ಟು ಆಧಾರವಿದೆ. ಆದರೆ ದೊಡ್ಡ ತೂತನ್ನು ಹಾಗೇ ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ಗಡುಸಾಗುತ್ತವೆ. ಆಮೇಲೆ ತೂತು ಮುಚ್ಚುವುದೇ ಅಪಾಯ. ಮಗು ಹಾಲು ಕುಡಿಯುವಾಗ ಹಣೆ ಬೆವರಿದರೆ, ನಡುನಡುವೆ ದಣಿದು ಬಿಟ್ಟರೆ, ತೂಕ ಏರದಿದ್ದರೆ ದೃಷ್ಟಿ ತೆಗೆದು ಸುಮ್ಮನಾಗದೆ ಹೃದಯದ ಎಕೋ ಪರೀಕ್ಷೆ ಮಾಡಿಸಬೇಕು. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಇದನ್ನೆಲ್ಲ ಬಿಡಿಸಿ ಹೇಳಬೇಕು.

ಕೊರೊನಾ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರನ್ನು ಎಲ್ಲರೂ ಬಲ್ಲರು. ಶಿಶುಗಳಿಗೆಂದೇ ಅದರ ಸಂವೇದಕವಿದೆ. ಹುಟ್ಟಿ 24 ಗಂಟೆಯಾದ ಮೇಲೆ ಕೂಸಿನ ಬಲಗೈ ಮತ್ತು ಪಾದಕ್ಕೆ ಅದನ್ನು ಹಿಡಿದರೆ ಹಲವು ಗಂಭೀರ ದೋಷಗಳ ಸುಳಿವು ಅಲ್ಲೇ ಸಿಗುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಹೆರಿಗೆಯಾಗುವ ಪ್ರತಿ ಆಸ್ಪತ್ರೆಯಲ್ಲೂ, ಬಾಣಂತಿ ಮನೆಗೆ ಹೊರಡುವ ಮೊದಲು, ಈ ಪರೀಕ್ಷೆ ಆಗಲೇಬೇಕು.