ಬೀಗ ಬದಲಾಯಿಸಬಹುದು, ಮಾಲೀಕ ಬರಬೇಕಲ್ಲ!

ಹೋದ ತಿಂಗಳು ಹಾಸ್ಟೆಲ್ ಮೆಸ್‌ನಲ್ಲಿ ಊಟ ಮಾಡ್ತಿದ್ದಾಗ ಒಬ್ಬ ಗೆಳೆಯ ರೀಲ್ ತೋರಿಸಿದ. "ಕ್ವಾಂಟಮ್ ಕಂಪ್ಯೂಟರ್ ಬಂದ್ರೆ ಬಿಟ್‌ಕಾಯಿನ್ ಕಥೆ ಮುಗೀತು!" ಪಕ್ಕದಲ್ಲಿದ್ದ ಇನ್ನೊಬ್ಬನ ಮುಖ ಬಾಡಿತು. ಟ್ಯೂಷನ್ ಹೇಳಿ ಉಳಿಸಿದ ಎರಡು ಸಾವಿರ ರೂಪಾಯಿಯನ್ನ ಅವನು ಅದರಲ್ಲೇ ಹಾಕಿದ್ದ. ಇದು ನಿಜಾನಾ ಅಂತ ತಿಳ್ಕೊಳ್ಳೋಕೆ ನಾವು ನಾಲ್ಕು ಜನ ಕೂತು ಓದಿದೆವು. ನಮಗೆ ಅರ್ಥವಾದಷ್ಟನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಅಪಾಯ ಇರೋದು ಎಲ್ಲಿ?

ಬಿಟ್‌ಕಾಯಿನ್‌ನ ಲೆಕ್ಕದ ಪುಸ್ತಕ ಗುಟ್ಟಿನದಲ್ಲ. ಯಾವ ವಿಳಾಸದಿಂದ ಎಲ್ಲಿಗೆ ಎಷ್ಟು ಹೋಯ್ತು ಅಂತ ಯಾರು ಬೇಕಾದರೂ ನೋಡಬಹುದು. ಕ್ರಿಪ್ಟೋಗ್ರಫಿಗೆ ಅಲ್ಲಿರುವ ಮುಖ್ಯ ಕೆಲಸ ಸಹಿ ಹಾಕುವುದು. ಪ್ರೈವೇಟ್ ಕೀ ಅಂದ್ರೆ 256 ಬಿಟ್‌ನ ಒಂದು ದೊಡ್ಡ ಸಂಖ್ಯೆ. ಎಲಿಪ್ಟಿಕ್ ಕರ್ವ್ ಮೇಲಿನ ಒಂದು ನಿಗದಿತ ಬಿಂದುವನ್ನು ಆ ಸಂಖ್ಯೆಯಿಂದ ಗುಣಿಸಿದರೆ ಪಬ್ಲಿಕ್ ಕೀ ಸಿಗುತ್ತದೆ. ಹೀಗೆ ಮುಂದಕ್ಕೆ ಹೋಗೋದು ಮೊಬೈಲ್‌ಗೂ ಕ್ಷಣದ ಕೆಲಸ. ಪಬ್ಲಿಕ್ ಕೀಯಿಂದ ವಾಪಸ್ ಬರೋಕೆ ಮಾತ್ರ ಮಾಮೂಲಿ ಕಂಪ್ಯೂಟರ್‌ಗೆ ಸುಮಾರು 2ರ 128ನೇ ಘಾತದಷ್ಟು ಹೆಜ್ಜೆ ಬೇಕು. ಅಂದರೆ ಆಗದ ಮಾತು.

1994ರಲ್ಲಿ ಪೀಟರ್ ಶೋರ್ ಈ ವಾಪಸ್ ದಾರಿಯನ್ನು ಕ್ವಾಂಟಮ್ ಕಂಪ್ಯೂಟರ್ ಹಿಡಿಯಬಲ್ಲದು ಅಂತ ತೋರಿಸಿದರು. ಅದು "ಎಲ್ಲಾ ಕೀಗಳನ್ನೂ ಒಟ್ಟಿಗೆ ಟ್ರೈ ಮಾಡುತ್ತೆ" ಅಂತ ರೀಲ್‌ಗಳಲ್ಲಿ ಹೇಳ್ತಾರೆ, ಅದು ಸರಿಯಲ್ಲ. ಆ ಗುಣಾಕಾರದ ಒಳಗೆ ಮತ್ತೆ ಮತ್ತೆ ಮರುಕಳಿಸುವ ಒಂದು ಆವರ್ತ ಅಡಗಿದೆ. ಶೋರ್ ವಿಧಾನ ಅದನ್ನು ಹೊರಗೆಳೆಯುತ್ತದೆ. ಹೊರಗೆಳೆಯೋದು ಹೇಗೆ ಗೊತ್ತಾ? ಗಣಿತದ ಪೇಪರ್‌ನಲ್ಲಿ ನಮ್ಮನ್ನು ಕಾಡುವ ಫೋರಿಯರ್ ಟ್ರಾನ್ಸ್‌ಫಾರ್ಮ್‌ನ ಕ್ವಾಂಟಮ್ ರೂಪದಿಂದ!

ಹ್ಯಾಶ್‌ಗೆ ಇಷ್ಟು ಭಯವಿಲ್ಲ. ರುಬ್ಬಿದ ದೋಸೆ ಹಿಟ್ಟಿನಿಂದ ಅಕ್ಕಿ, ಉದ್ದನ್ನು ವಾಪಸ್ ತೆಗೆಯೋಕೆ ಆಗುತ್ತಾ? ಶಾ-256 ಕೂಡ ಹಾಗೆಯೇ. ಐಐಟಿ ದೆಹಲಿಯಲ್ಲಿ ಓದಿದ ಲವ್ ಗ್ರೋವರ್ 1996ರಲ್ಲಿ ಕೊಟ್ಟ ಕ್ವಾಂಟಮ್ ಹುಡುಕಾಟದ ವಿಧಾನ 2ರ 256ನೇ ಘಾತದಷ್ಟಿದ್ದ ಕೆಲಸವನ್ನು 2ರ 128ನೇ ಘಾತಕ್ಕೆ ಇಳಿಸುತ್ತದೆ. ಅದೂ ಆಗದ ಕೆಲಸವೇ.

ಈ ವ್ಯತ್ಯಾಸ ತುಂಬಾ ಮುಖ್ಯ. ಯಾಕಂದ್ರೆ ಸಾಮಾನ್ಯ ಬಿಟ್‌ಕಾಯಿನ್ ವಿಳಾಸ ಅಂದರೆ ಪಬ್ಲಿಕ್ ಕೀಯ ಹ್ಯಾಶ್. ನೀವು ಹಣ ಖರ್ಚು ಮಾಡುವವರೆಗೂ ಪಬ್ಲಿಕ್ ಕೀ ಆ ಹಿಟ್ಟಿನೊಳಗೇ ಇರುತ್ತದೆ. ಖರ್ಚು ಮಾಡಿದ ಕ್ಷಣ ಹೊರಗೆ ಬರುತ್ತದೆ. ಆಮೇಲೂ ಅದೇ ವಿಳಾಸವನ್ನು ಬಳಸುತ್ತಿದ್ದರೆ ಅಲ್ಲಿರುವ ಹಣ ಬಯಲಲ್ಲಿ ಇಟ್ಟ ಹಾಗೆ. 2021ರಲ್ಲಿ ಬಂದ ಟ್ಯಾಪ್‌ರೂಟ್ ವಿಳಾಸಗಳಲ್ಲಂತೂ ಪಬ್ಲಿಕ್ ಕೀ ಮೊದಲಿಂದಲೇ ಕಾಣುತ್ತದೆ.

ಹೊಸ ಬೀಗ ರೆಡಿ ಇದೆ

ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2016ರಲ್ಲಿ ಕ್ವಾಂಟಮ್‌ಗೂ ಜಗ್ಗದ ವಿಧಾನಗಳಿಗೆ ಬಹಿರಂಗ ಸ್ಪರ್ಧೆ ಶುರುಮಾಡಿತು. 2024ರ ಆಗಸ್ಟ್ 13ರಂದು ಮೊದಲ ಮೂರು ಮಾನದಂಡಗಳು ಹೊರಬಂದವು. ಅವುಗಳಲ್ಲಿ ಎರಡು ಸಹಿಗೆ ಸಂಬಂಧಿಸಿದವು. ಎಂಎಲ್-ಡಿಎಸ್‌ಎ ಲ್ಯಾಟಿಸ್ ಗಣಿತದ ಮೇಲೆ ನಿಂತಿದೆ, ಎಸ್‌ಎಲ್‌ಎಚ್-ಡಿಎಸ್‌ಎ ಬರೀ ಹ್ಯಾಶ್ ಮೇಲೆ.

ಹೊಸದು ಅಂದ್ರೆ ಗಟ್ಟಿ ಅಂತೇನಿಲ್ಲ. ಅದೇ ಸ್ಪರ್ಧೆಯ ಕೊನೇ ಸುತ್ತುಗಳವರೆಗೆ ಬಂದಿದ್ದ ರೇನ್‌ಬೋ ಎಂಬ ಸಹಿ ವಿಧಾನವನ್ನು 2022ರಲ್ಲಿ ವಾರ್ಡ್ ಬ್ಯೂಲೆನ್ಸ್ ಎಂಬ ಸಂಶೋಧಕ ಮಾಮೂಲಿ ಲ್ಯಾಪ್‌ಟಾಪ್‌ನಲ್ಲಿ, ಒಂದು ವೀಕೆಂಡ್‌ನಷ್ಟು ಲೆಕ್ಕಾಚಾರದಲ್ಲಿ ಮುರಿಯಬಹುದು ಅಂತ ತೋರಿಸಿದರು.

ಇನ್ನೊಂದು ತೊಂದರೆ ಗಾತ್ರದ್ದು. ಈಗಿನ ಸಹಿ ಮತ್ತು ಪಬ್ಲಿಕ್ ಕೀ ಸೇರಿ ಸುಮಾರು 105 ಬೈಟ್. ಎಂಎಲ್-ಡಿಎಸ್‌ಎಯ ಅತಿ ಚಿಕ್ಕ ರೂಪದಲ್ಲೇ ಸಹಿ 2420, ಕೀ 1312, ಒಟ್ಟು 3732 ಬೈಟ್. ಅಂದರೆ 35 ಪಟ್ಟು! ಹತ್ತು ನಿಮಿಷಕ್ಕೊಂದರಂತೆ ಬರುವ, ಜಾಗ ಕಡಿಮೆ ಇರುವ ಬ್ಲಾಕ್‌ನಲ್ಲಿ ಆಗ ಎಷ್ಟು ವಹಿವಾಟು ಹಿಡಿಯುತ್ತೆ, ಫೀಸ್ ಎಷ್ಟಾಗುತ್ತೆ, ನೀವೇ ಯೋಚಿಸಿ.

ಆದರೂ ಇವೆಲ್ಲ ಎಂಜಿನಿಯರಿಂಗ್ ಸಮಸ್ಯೆಗಳು, ದಾರಿ ಸಿಗುತ್ತದೆ. ನಮ್ಮನ್ನು ನಿಜವಾಗಿ ತಡೆದು ನಿಲ್ಲಿಸಿದ ಪ್ರಶ್ನೆ ಬೇರೆ.

ಬೀಗ ಬದಲಾಯಿಸುವವರು ಯಾರು?

ಸಿಗ್ನಲ್ ಆ್ಯಪ್ 2023ರಲ್ಲೇ ಕ್ವಾಂಟಮ್ ನಿರೋಧಕ ವಿಧಾನವನ್ನು ಸೇರಿಸಿತು. ನಾವು ಅಪ್‌ಡೇಟ್ ಒತ್ತಿದೆವು, ಮುಗೀತು. ಬಿಟ್‌ಕಾಯಿನ್‌ಗೆ ಹಾಗೆ ಅಪ್‌ಡೇಟ್ ಕಳಿಸುವ ಯಜಮಾನ ಇಲ್ಲ. ಟ್ಯಾಪ್‌ರೂಟ್ 2018ರ ಜನವರಿಯಲ್ಲಿ ಪ್ರಸ್ತಾಪವಾಗಿ ಜಾರಿಗೆ ಬಂದಿದ್ದು 2021ರ ನವೆಂಬರ್‌ನಲ್ಲಿ. ಹೊಸ ಸಹಿ ಬಂದ ಮೇಲೂ ಪ್ರತಿಯೊಬ್ಬ ಮಾಲೀಕ ತಾನೇ ಬಂದು, ಹಳೇ ಕೀಯಿಂದ ಸಹಿ ಹಾಕಿ, ಹಣವನ್ನು ಹೊಸ ವಿಳಾಸಕ್ಕೆ ಸಾಗಿಸಬೇಕು.

ಬರದೇ ಇರುವವರ ಕಥೆ? ಬಿಟ್‌ಕಾಯಿನ್ ಹುಟ್ಟುಹಾಕಿದ ಸತೋಷಿ ನಕಾಮೊಟೊ 2011ರ ಆಸುಪಾಸಿನಲ್ಲಿ ಮಾಯವಾದವರು. ಅವರ ಬಳಿ ಸುಮಾರು 11 ಲಕ್ಷ ಬಿಟ್‌ಕಾಯಿನ್ ಇದೆ ಎಂಬ ಅಂದಾಜಿದೆ. ಆ ಆರಂಭದ ದಿನಗಳ ಬಹುಮಾನದ ನಾಣ್ಯಗಳಲ್ಲಿ ಪಬ್ಲಿಕ್ ಕೀ ಹ್ಯಾಶ್ ಆಗದೆ ನೇರವಾಗಿ ಕಾಣುತ್ತದೆ. ಇವುಗಳ ಜೊತೆಗೆ ಕೀ ಕಳೆದುಕೊಂಡವರ, ತೀರಿಕೊಂಡವರ ನಾಣ್ಯಗಳೂ ಇವೆ.

ಇದಕ್ಕೆ ಎರಡೇ ದಾರಿ. ಸುಮ್ಮನಿದ್ದರೆ ದೊಡ್ಡ ಕ್ವಾಂಟಮ್ ಯಂತ್ರ ಮೊದಲು ಕಟ್ಟಿದವರು ಅಷ್ಟನ್ನೂ ಬಾಚಿಕೊಳ್ಳಬಹುದು. ಇಲ್ಲವೇ ಒಂದು ಗಡುವಿನ ನಂತರ ಹಳೇ ಸಹಿಗಳನ್ನು ನೆಟ್‌ವರ್ಕ್ ಒಪ್ಪಬಾರದು. 2025ರಲ್ಲಿ ಜೇಮ್ಸನ್ ಲಾಪ್ ಮತ್ತು ಸಂಗಡಿಗರು ಇಂಥದ್ದೇ ಪ್ರಸ್ತಾಪ ಇಟ್ಟರು. ಆದರೆ "ಕೀ ನಿನ್ನದಾದರೆ ಹಣ ನಿನ್ನದು, ಯಾರೂ ತಡೆಯಲಾರರು" ಅನ್ನೋದೇ ಬಿಟ್‌ಕಾಯಿನ್ ಕೊಟ್ಟ ಮಾತು. ಗಡುವು ಹಾಕಿದರೆ ಆ ಮಾತು ಮುರಿದಂತೆ.

ಸಮಯ ಎಷ್ಟಿದೆ?

ಗೂಗಲ್ 2024ರ ಡಿಸೆಂಬರ್‌ನಲ್ಲಿ ತೋರಿಸಿದ ವಿಲೋ ಚಿಪ್‌ನಲ್ಲಿ ಇದ್ದದ್ದು 105 ಕ್ಯೂಬಿಟ್. ಇದು ತೀರಾ ಕಮ್ಮಿ. ಆದರೆ ಬೇಕಾಗುವ ಸಂಖ್ಯೆಯೂ ಇಳಿಯುತ್ತಿದೆ. ಆರ್‌ಎಸ್‌ಎ-2048 ಮುರಿಯಲು 2 ಕೋಟಿ ಕ್ಯೂಬಿಟ್ ಬೇಕು ಎಂದು 2019ರಲ್ಲಿ ಕ್ರೇಗ್ ಗಿಡ್ನಿ ಮತ್ತು ಮಾರ್ಟಿನ್ ಎಕೆರೊ ಲೆಕ್ಕ ಹಾಕಿದ್ದರು. 2025ರಲ್ಲಿ ಗಿಡ್ನಿಯವರೇ 10 ಲಕ್ಷಕ್ಕಿಂತ ಕಡಿಮೆ ಸಾಕು ಎಂದರು. ಯಂತ್ರ ಬದಲಾಗದೆ, ಬರೀ ಪೇಪರ್ ಮೇಲಿನ ಯೋಚನೆಯಿಂದ ಇಷ್ಟು ಇಳಿದಿದೆ ಅನ್ನೋದನ್ನ ಗಮನಿಸಿ.

ಕೊನೆಗೆ ನಮ್ಮ ಗೆಳೆಯನ ಎರಡು ಸಾವಿರ. ಅದು ಎಕ್ಸ್‌ಚೇಂಜ್‌ನಲ್ಲಿದೆ, ಕೀ ಅವನ ಹತ್ತಿರ ಇಲ್ಲವೇ ಇಲ್ಲ. ಹೊಸ ವಿಳಾಸಕ್ಕೆ ಸಾಗಿಸೋದು ಎಕ್ಸ್‌ಚೇಂಜ್‌ನವರ ಕೆಲಸ. ಅವನು ಇದನ್ನು ಕೇಳಿ ನೆಮ್ಮದಿಯಾದನೋ, ಇನ್ನಷ್ಟು ಗಾಬರಿಯಾದನೋ ಗೊತ್ತಾಗಲಿಲ್ಲ.

ಹಳೇ ನಾಣ್ಯಗಳ ವಿಷಯದಲ್ಲಿ ಮಾತ್ರ ನಮ್ಮಲ್ಲೇ ಒಮ್ಮತ ಬರಲಿಲ್ಲ. ಇಬ್ಬರು ಗಡುವು ಬೇಕು ಅಂದ್ರು, ಇಬ್ಬರು ಮುಟ್ಟಬಾರದು ಅಂದ್ರು. ಮೆಸ್‌ನಲ್ಲಿ ಸಿಕ್ಕಾಗ ನಿಮ್ಮ ವೋಟ್ ಯಾವ ಕಡೆ ಅಂತ ಹೇಳಿ.