ಇಲಿಯ ಜಠರ: ಜೀರ್ಣಕ್ರಿಯೆಯ ಪಾಠಕ್ಕೆ ಮೂರನೆಯ ಚಿತ್ರ

ಜೀರ್ಣಕ್ರಿಯೆಯ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಎರಡು ಚಿತ್ರಪಟ ತರುತ್ತಾರೆ: ಒಂದು ಮನುಷ್ಯನದು, ಇನ್ನೊಂದು ಹಸುವಿನದು. ನಮ್ಮ ಜಠರಕ್ಕೆ ಒಂದು ಕೋಣೆ, ಹಸುವಿಗೆ ನಾಲ್ಕು ಎಂಬಲ್ಲಿಗೆ ಪಾಠ ಮುಗಿದರೆ, ಉಳಿದ ಸಸ್ತನಿಗಳೆಲ್ಲ ಈ ಎರಡರಲ್ಲೊಂದು ಎಂದು ಮಕ್ಕಳು ತಿಳಿಯುತ್ತಾರೆ. ಇಲಿಯ ಚಿತ್ರವೊಂದನ್ನು ಸೇರಿಸಿದರೆ ಈ ತಪ್ಪು ಕಲ್ಪನೆ ದೂರವಾಗುತ್ತದೆ. ಅದಕ್ಕಾಗಿ ಇಲಿಯನ್ನು ಕೊಯ್ಯಬೇಕಿಲ್ಲ. ಕಪ್ಪುಹಲಗೆಯ ರೇಖಾಚಿತ್ರ ಸಾಕು.

ಇಲಿಯ ಜಠರ ಒಂದೇ ಚೀಲವಾದರೂ ಅದರ ಒಳಗೋಡೆ ಎರಡು ಬಗೆಯದು. ಎಡಭಾಗ ತೆಳು, ಬಿಳಿಚು. ಒಳಪದರ ಚರ್ಮದ ಹಾಗೆ ಗಡಸು. ಅಲ್ಲಿ ಗ್ರಂಥಿಗಳಿಲ್ಲ, ಅದು ಮುಖ್ಯವಾಗಿ ತಿಂದದ್ದನ್ನು ಕೂಡಿಡುವ ಜಾಗ. ದಪ್ಪಗೋಡೆಯ ಬಲಭಾಗದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪೆಪ್ಸಿನ್ ಕೆಲಸ ಮಾಡುತ್ತವೆ. ನಡುವೆ ಏಣಿನಂತಹ ಗಡಿ.

ಎಡಭಾಗವನ್ನು ಹಸುವಿನ ಮೊದಲ ಕೋಣೆಗೆ ಹೋಲಿಸುವ ಆಸೆಯಾಗುತ್ತದೆ. ಹೋಲಿಸಬೇಡಿ. ನಾರನ್ನು ಒಡೆಯುವ ಸೂಕ್ಷ್ಮಜೀವಿಗಳ ದೊಡ್ಡ ನೆಲೆ ಇಲಿಯಲ್ಲಿರುವುದು ಸಣ್ಣಕರುಳು ಮುಗಿದ ಮೇಲೆ ಸಿಗುವ ಅಂಧಾಂತ್ರದಲ್ಲಿ. ಅವು ತಯಾರಿಸುವ ಬಿ ಗುಂಪಿನ ಜೀವಸತ್ವಗಳನ್ನು ಚೆನ್ನಾಗಿ ಹೀರಬೇಕಾದ ಸಣ್ಣಕರುಳು ಆಗಲೇ ಹಿಂದೆ ಉಳಿದಿರುತ್ತದೆ! ಆದ್ದರಿಂದ ಇಲಿ ತನ್ನ ಹಿಕ್ಕೆಯಲ್ಲಿ ಒಂದಿಷ್ಟನ್ನು ಮತ್ತೆ ತಿನ್ನುತ್ತದೆ. ತರಗತಿ ನಗುತ್ತದೆ, ನಗಲಿ. ಹಸುವಿನ ಮೆಲುಕಿಗೂ ಇದಕ್ಕೂ ಏನು ವ್ಯತ್ಯಾಸವೆಂದು ಆಗಲೇ ಕೇಳಬಹುದು. (ಮೊಲವೂ ಹೀಗೆ ಮಾಡುತ್ತದೆ, ಆದರೆ ಮೊಲ ದಂಶಕವಲ್ಲ. ಪಾಠಯೋಜನೆಗಳಲ್ಲಿ ಈ ತಪ್ಪು ಮತ್ತೆ ಮತ್ತೆ ಕಾಣುತ್ತದೆ.)

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ: ಇಲಿ ವಾಂತಿ ಮಾಡಲಾರದು. ಅನ್ನನಾಳ ಜಠರವನ್ನು ಸೇರುವಲ್ಲಿ ಬಿಗಿ ಹೆಚ್ಚು. ಜೊತೆಗೆ, ವಪೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಒಟ್ಟಿಗೆ ದುಡಿಸಿ ವಾಂತಿ ಮಾಡಿಸುವ ವ್ಯವಸ್ಥೆ ಅದರ ಮಿದುಳುಕಾಂಡದಲ್ಲಿಲ್ಲ. ಒಳಗೆ ಹೋದದ್ದು ಬಾಯಿಯ ಮೂಲಕ ಹೊರಬರುವುದಿಲ್ಲವಾದ್ದರಿಂದ ಎಚ್ಚರವೆಲ್ಲ ಬಾಯಿಯಲ್ಲೇ ಇರಬೇಕು. ಹೊಸ ತಿನಿಸು ಕಂಡರೆ ಇಲಿ ಸ್ವಲ್ಪವೇ ಕಚ್ಚಿ ನೋಡುತ್ತದೆ. ಆಮೇಲೆ ಹೊಟ್ಟೆ ಕೆಟ್ಟರೆ ಆ ರುಚಿಯ ಹತ್ತಿರ ಸುಳಿಯುವುದಿಲ್ಲ.

ಇಲ್ಲಿ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯನ್ನೂ ನೆನೆಯಬೇಕು. ಪಾವ್ಲೋವನ ಶಾಸ್ತ್ರೀಯ ಅನುಬಂಧನಕ್ಕೆ ಪುನರಾವರ್ತನೆ ಬೇಕು, ಗಂಟೆ ಮತ್ತು ಆಹಾರದ ನಡುವಿನ ಅಂತರ ಕಡಿಮೆ ಇರಬೇಕು ಎಂದು ನಾವು ಕಲಿಸುತ್ತೇವೆ. 1955ರಲ್ಲಿ ಜಾನ್ ಗಾರ್ಸಿಯಾ ಮತ್ತು ಸಂಗಡಿಗರು ಸ್ಯಾಕರಿನ್ ನೀರು ಕುಡಿಯುವ ಇಲಿಗಳನ್ನು ಗಾಮಾ ವಿಕಿರಣಕ್ಕೆ ಒಡ್ಡಿದರು. ಆಮೇಲೆ ಇಲಿಗಳು ಆ ಸಿಹಿಯನ್ನು ದೂರವಿಟ್ಟವು. ರುಚಿಗೂ ಕಾಯಿಲೆಗೂ ಒಂದು ಗಂಟೆ ಮೀರಿದ ಅಂತರವಿದ್ದರೂ ಇಂತಹ ಕಲಿಕೆ ಆಗುತ್ತದೆಂದು ಮುಂದೆ ತಿಳಿಯಿತು. 1966ರಲ್ಲಿ ಗಾರ್ಸಿಯಾ ಮತ್ತು ಕೋಲಿಂಗ್ ನೀರಿನ ರುಚಿಯ ಜೊತೆಗೆ ಬೆಳಕು, ಸದ್ದನ್ನೂ ಸೇರಿಸಿದರು. ಕಾಯಿಲೆಬಿದ್ದ ಇಲಿಗಳು ರುಚಿಯನ್ನು ದೂರವಿಟ್ಟವು. ವಿದ್ಯುತ್ ಆಘಾತ ಪಡೆದವು ಬೆಳಕು, ಸದ್ದನ್ನು. ಯಾವ ಪ್ರಚೋದನೆಯನ್ನಾದರೂ ಯಾವುದಕ್ಕಾದರೂ ಒಂದೇ ಸಲೀಸಿನಲ್ಲಿ ಜೋಡಿಸಬಹುದೆಂಬ ನಂಬಿಕೆ ಅಲ್ಲಿಗೆ ಅಲುಗಿತು.

ಹಳ್ಳಿಯ ಶಾಲೆಯಾದರೆ ಮೌಲ್ಯಮಾಪನಕ್ಕೆ ಒಳ್ಳೆಯ ಪ್ರಶ್ನೆಯೊಂದಿದೆ: ಗದ್ದೆಯಲ್ಲಿ ಇಲಿ ಪಾಷಾಣ ಇಡುವ ಮೊದಲು ಒಂದೆರಡು ದಿನ ವಿಷವಿಲ್ಲದ ತಿನಿಸನ್ನೇ ಇಡುವುದೇಕೆ? (ಪಾಷಾಣದ ಪೊಟ್ಟಣವನ್ನು ತರಗತಿಗೆ ತರಿಸಬೇಡಿ.) ಝಿಂಕ್ ಫಾಸ್ಫೈಡ್ ಜಠರದ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ರುಚಿ ನೋಡಲು ಚೂರೇ ತಿಂದ ಇಲಿ ನರಳಿ ಬದುಕಿಕೊಂಡರೆ, ಮತ್ತೆ ಆ ತಿನಿಸನ್ನು ಮುಟ್ಟುವುದಿಲ್ಲ. ಮೊದಲೇ ರೂಢಿಯಾದ ತಿನಿಸಾದರೆ ಅನುಮಾನಿಸದೆ ಹೊಟ್ಟೆತುಂಬ ತಿನ್ನುತ್ತದೆ.