ಟ್ಯಾಕ್ಸ್‌ಗಾಗಿ ಹುಟ್ಟಿದ ಕಾರ್ಪೊರೇಷನ್

ಕಾರ್ಪೊರೇಷನ್ ಅಂದ ತಕ್ಷಣ ನಮಗೆ ನೆನಪಾಗೋದು ರಸ್ತೆ ಗುಂಡಿ, ಕಸದ ಗಾಡಿ, ಮನೆ ಕಂದಾಯ. ಭಾರತದ ಮೊದಲ ಕಾರ್ಪೊರೇಷನ್ ಶುರುವಾಗಿದ್ದು 1688ರ ಸೆಪ್ಟೆಂಬರ್ 29ರಂದು, ಮದ್ರಾಸಿನಲ್ಲಿ. ಅದರ ಹಿಂದಿನ ಉದ್ದೇಶ ಗೊತ್ತಾದಾಗ ನನಗೆ ನಗು ಬಂತು.

ಆಗ ಮದ್ರಾಸ್ ಅಂದ್ರೆ ಈಸ್ಟ್ ಇಂಡಿಯಾ ಕಂಪನಿಯ ಸೇಂಟ್ ಜಾರ್ಜ್ ಕೋಟೆ, ಪಕ್ಕದಲ್ಲಿ ನಮ್ಮವರು ವಾಸವಿದ್ದ 'ಬ್ಲ್ಯಾಕ್ ಟೌನ್'. ಹೆಸರಲ್ಲೇ ಎಲ್ಲಾ ಇದೆ ಬಿಡಿ. ಕಂಪನಿ ವ್ಯಾಪಾರಕ್ಕೆ ಬಂದಿದ್ದು. ಊರಿನ ಗೋಡೆ, ಚರಂಡಿಗೆಲ್ಲ ತನ್ನ ಲಾಭದಿಂದ ಖರ್ಚು ಮಾಡೋಕೆ ಅದಕ್ಕೆ ಇಷ್ಟ ಇರಲಿಲ್ಲ. 1686ರಲ್ಲಿ ಮನೆಗಳ ಮೇಲೆ ತೆರಿಗೆ ಹಾಕಿದಾಗ ಜನ ಒಪ್ಪಲಿಲ್ಲ, ಅಂಗಡಿ ಮುಚ್ಚಿ ಪ್ರತಿಭಟಿಸಿದರು.

ಲಂಡನ್ನಿನಲ್ಲಿ ಕಂಪನಿಯ ಮುಖ್ಯಸ್ಥನಾಗಿದ್ದ ಜೋಸಾಯ ಚೈಲ್ಡ್ ಭಾರತಕ್ಕೆ ಬಂದವನೇ ಅಲ್ಲ. ಆದ್ರೆ ಅವನ ಲೆಕ್ಕ ಬಹಳ ಚುರುಕು: ಕಂಪನಿ ಕೇಳಿದ್ರೆ ಜನ ಕಾಸು ಬಿಚ್ಚಲ್ಲ, ಅವರದೇ ಮುಖಂಡರು ಕೇಳಿದ್ರೆ ಜಾಸ್ತಿನೇ ಕೊಡ್ತಾರೆ. ಫೆಸ್ಟ್ ಫಂಡನ್ನ ಕಾಲೇಜ್ ಆಫೀಸ್ ಕೇಳೋದಕ್ಕೂ ಕ್ಲಾಸ್ ರೆಪ್ ಕೇಳೋದಕ್ಕೂ ಇರೋ ವ್ಯತ್ಯಾಸ ನಿಮಗೇ ಗೊತ್ತು.

1687ರ ಡಿಸೆಂಬರ್‌ನಲ್ಲಿ ಸನ್ನದು ಹೊರಟಿತು. ಒಬ್ಬ ಮೇಯರ್, 12 ಆಲ್ಡರ್‌ಮನ್, 60 ಬರ್ಜೆಸ್. ಟೌನ್ ಹಾಲ್, ಜೈಲು, ಶಾಲೆ, ಚರಂಡಿಗಾಗಿ ತೆರಿಗೆ ಹಾಕುವ ಅಧಿಕಾರ ಇವರದು. ಮೊದಲ ಮೇಯರ್ ನಥಾನಿಯಲ್ ಹಿಗಿನ್ಸನ್, ಕಂಪನಿಯವನೇ. ಆಲ್ಡರ್‌ಮನ್‌ಗಳಲ್ಲಿ ಇಂಗ್ಲಿಷರ ಜೊತೆಗೆ ಪೋರ್ಚುಗೀಸರು, ವಜ್ರದ ವ್ಯಾಪಾರದ ಯಹೂದಿಗಳು, ಸ್ಥಳೀಯ ಹಿಂದೂ ವರ್ತಕರೂ ಇದ್ದರು. ಆ ಕಾಲಕ್ಕೆ ಇದು ಆಶ್ಚರ್ಯವೇ. ಆದ್ರೆ ಇವರನ್ನ ಊರಿನ ಜನ ಆರಿಸಿರಲಿಲ್ಲ, ಮೊದಲ ಹೆಸರುಗಳು ಸನ್ನದಿನಲ್ಲೇ ಬರೆದು ಬಂದಿದ್ದವು. ಅವರು 'ನಮ್ಮವರು' ಅಂತ ಜನಕ್ಕೆ ಯಾಕೆ ಅನ್ನಿಸಬೇಕು? ಕೆಂಪು ನಿಲುವಂಗಿ, ಬೆಳ್ಳಿ ದಂಡ ಎಲ್ಲ ಬಂತು, ಅಂದುಕೊಂಡಷ್ಟು ತೆರಿಗೆ ಮಾತ್ರ ಬರಲಿಲ್ಲ.

ಹೀಗಾಗಿ ಈ ಕಾರ್ಪೊರೇಷನ್ ಜಾಸ್ತಿ ಕೆಲಸ ಮಾಡಿದ್ದು ಕೋರ್ಟಾಗಿ. ಸಾಲ, ಜಗಳ, ವ್ಯಾಪಾರದ ತಕರಾರುಗಳನ್ನ ಮೇಯರ್ಸ್ ಕೋರ್ಟ್ ವಿಚಾರಿಸುತ್ತಿತ್ತು. 1726ರ ಹೊಸ ಸನ್ನದು ಆಲ್ಡರ್‌ಮನ್‌ಗಳನ್ನ 9ಕ್ಕೆ ಇಳಿಸಿತು, ಅದರಲ್ಲಿ ಕನಿಷ್ಠ 7 ಜನ ಹುಟ್ಟಾ ಬ್ರಿಟಿಷ್ ಪ್ರಜೆಗಳೇ ಆಗಿರಬೇಕು ಅಂತ ಷರತ್ತು ಹಾಕಿತು. ತೆರಿಗೆ ವಸೂಲಿಗೆ ಬೇಕಾಗಿದ್ದ ಸ್ಥಳೀಯರು ನ್ಯಾಯ ಹೇಳೋಕೆ ಬೇಡವಾದರು. ನನಗೆ ಬೇಜಾರಾಗಿದ್ದು ಈ ಜಾಗದಲ್ಲೇ.

ರಸ್ತೆ ಗುಡಿಸೋಕೆ ಅಂತ ಮನೆ ತೆರಿಗೆ ಹಾಕುವ ಅಧಿಕಾರ ಮತ್ತೆ ಕಾನೂನಿನಲ್ಲಿ ಬಂದಿದ್ದು 1793ರಲ್ಲಿ. ಅದನ್ನೂ ಕೊಟ್ಟಿದ್ದು ಜಸ್ಟಿಸ್ ಆಫ್ ದಿ ಪೀಸ್ ಎಂಬ ಸರ್ಕಾರಿ ನೇಮಕದವರ ಕೈಗೆ. ನಮ್ಮ ಬೆಂಗಳೂರಿಗೆ ಮುನಿಸಿಪಲ್ ಬೋರ್ಡ್ ಬಂದಿದ್ದು 1862ರಲ್ಲಿ, ಅದೂ ಪೇಟೆಗೊಂದು, ದಂಡು ಪ್ರದೇಶಕ್ಕೊಂದು. ಆ ಕಥೆ ಇನ್ನೊಂದು ಸಲ ಬರೀತೀನಿ.